ಅರಗಿನ ಮುದ್ರೆ ಬಿದ್ದ ಗುಡಾಣಗಳು

ಕೋಪ ಬಂದರೆ ನನ್ನ ಬಾಯಿಂದ "ಆಗಲಿ ಸ್ವಾಮಿ, ತಮ್ಮ ಚಿತ್ತ" ಎಂಬ ಮಾತೇ ಹೊರಡುತ್ತದೆ. ಇದರಿಂದ ನಾನು ತುಂಬ ಸಾಧು ಮನುಷ್ಯ ಎಂದು ಹೊಳೆನರಸೀಪುರದಲ್ಲಿ ಹೆಸರಾಗಿದೆ. ಸಾಧುವೂ ಅಲ್ಲ, ಏನೂ ಅಲ್ಲ. ನನ್ನ ಸಿಟ್ಟು ಪೆಟ್ರೋಲಿಲ್ಲದ ಕಾಲದಲ್ಲಿ ನಮ್ಮೂರಲ್ಲಿ ಓಡುತ್ತಿದ್ದ ಇದ್ದಿಲು ಗ್ಯಾಸಿನ ಬಸ್ಸಿನ ಹಾಗೆ. ಹೊತ್ತಿಕೊಂಡು ಹೊರಡುವ ವೇಳೆಗೆ ಹತ್ತಬೇಕಾದವರೆಲ್ಲ ನಡೆದೇ ಊರು ಸೇರಿರುತ್ತಿದ್ದರು. ಯುದ್ಧದ ಕಾಲದಲ್ಲಿ ಕಟ್ಟಾಯದ ಒಂದು ಕೊಟ್ಟಿಗೆಯಲ್ಲಿ ಬರಬೇಕಾಗಿದ್ದ ಸಿಟ್ಟು ಈಗ, ಐವತ್ತರ ವಯಸ್ಸಿನ ಅಂಚಿನಲ್ಲಿ, ಅಂಗಡಿಯಲ್ಲಿ ಒಬ್ಬನೇ ಕೂತಿರುವಾಗ ಬರುತ್ತದೆ. ಬಂದರೆ ಬೇಗ ಹೋಗುವುದೂ ಇಲ್ಲ.

ನಮ್ಮದೊಂದು ಸಣ್ಣ ಔಷಧಶಾಲೆ. ಅಣ್ಣಯ್ಯ ಔಷಧ ಮಾಡುತ್ತಿದ್ದ, ನಾನು ಮಾರುತ್ತಿದ್ದೆ. ಮಾರುವುದಕ್ಕಿಂತ ಹೆಚ್ಚಾಗಿ ಚಿಂತೆ ಮಾಡುತ್ತಿದ್ದೆ. ಬೀಗ ಹಾಕಿದೆನೋ ಇಲ್ಲವೋ ಎಂದು ದಾರಿಯಿಂದ ಹಿಂದಿರುಗಿ ಬಂದು ಬೀಗ ಜಗ್ಗಿ ನೋಡುವುದು, ಜಗ್ಗಿದ್ದರಿಂದಲೇ ಬೀಗ ಸಡಿಲವಾಯಿತೇನೋ ಎಂದು ಮತ್ತೆ ಬರುವುದು, ಹೀಗೆ. ಅಣ್ಣಯ್ಯನಿಗೆ ಅಂಥ ಯಾವ ರೋಗವೂ ಇರಲಿಲ್ಲ. ಅವನು ಮಾಡುತ್ತಿದ್ದ ಚೂರ್ಣ, ಲೇಹ್ಯ ಎಲ್ಲ ಇದ್ದರೂ ಅಂಗಡಿ ನಡೆಯುತ್ತಿದ್ದದ್ದು ಒಂದೇ ಒಂದರಿಂದ: ಬಾಣಂತಿಯರು ಕುಡಿಯುವ ದಶಮೂಲಾರಿಷ್ಟ. ಅರಕಲಗೂಡು, ಚನ್ನರಾಯಪಟ್ಟಣದ ಕಡೆಯಿಂದಲೂ ಅತ್ತೆಯರು, ತಾಯಂದಿರು ಹೆರಿಗೆ ದಿನ ನೋಡಿಕೊಂಡು ಬರುತ್ತಿದ್ದರು.

ಅರಿಷ್ಟ ಮಾಡುವುದೆಂದರೆ ಅಡುಗೆ ಮಾಡಿ ಇಳಿಸಿದ ಹಾಗಲ್ಲ. ಬೇರುಗಳ ಕಷಾಯ ಕಾಯಿಸಿ, ಆರಿಸಿ, ಬೆಲ್ಲ ಕರಗಿಸಿ, ಹುದುಗು ಬರಲೆಂದು ಧಾತಕಿ ಹೂ ಹಾಕಿ, ಒಳಮೈಗೆಲ್ಲ ತುಪ್ಪ ಸವರಿದ ಮಣ್ಣಿನ ಗುಡಾಣಕ್ಕೆ ತುಂಬಬೇಕು. ಬಾಯಿಗೆ ಮುಚ್ಚಳ ಕೂರಿಸಿ, ಬಟ್ಟೆ ಸುತ್ತಿ, ಜೇಡಿಮಣ್ಣು ಮೆತ್ತಿ, ಭತ್ತದ ರಾಶಿಯೊಳಗೆ ಹೂಳಬೇಕು. ಹೊಸ ಭತ್ತದ ರಾಶಿಗೆ ತನ್ನದೇ ಒಂದು ಬಿಸುಪು ಇರುತ್ತದೆ. ಪುಷ್ಯದ ಚಳಿ ಎಷ್ಟೇ ಕೊರೆಯಲಿ, ರಾಶಿಯೊಳಕ್ಕೆ ಕೈ ತೂರಿಸಿದರೆ ಮಲಗೆದ್ದ ಮಗುವಿನ ಮೈ ಮುಟ್ಟಿದ ಹಾಗೆ. ಆ ಬಿಸುಪಿನಲ್ಲಿ, ಗಾಳಿ ಸೋಕದೆ, ತಿಂಗಳ ಮೇಲೆ ಕೂತರೆ ಅರಿಷ್ಟ ತಾನಾಗಿ ಹಣ್ಣಾಗುತ್ತದೆ. ನಮಗೆ ಗದ್ದೆ ಇರಲಿಲ್ಲ, ರಾಶಿಯೂ ಇರಲಿಲ್ಲ. ಕಟ್ಟಾಯದ ಗೌಡರೊಬ್ಬರ ಹೆಂಡತಿಯನ್ನು ಅಣ್ಣಯ್ಯ ಒಂದು ಕೆಟ್ಟ ಬಾಣಂತನದಿಂದ ಎತ್ತಿ ನಿಲ್ಲಿಸಿದ್ದ. ಅಂದಿನಿಂದ ಪ್ರತಿ ಸುಗ್ಗಿಯಲ್ಲೂ ಅವರ ಕೊಟ್ಟಿಗೆಯ ರಾಶಿಯೇ ನಮ್ಮ ಕಾರ್ಖಾನೆ. ಕಷಾಯ ಅವರ ಹಿತ್ತಲಲ್ಲೇ ಕಾಯುತ್ತಿತ್ತು, ಗುಡಾಣ ಅಲ್ಲೇ ಕೂರುತ್ತಿತ್ತು. ಬಾಯಿ ಬಿಚ್ಚುವ ದಿನದವರೆಗೆ ಗೌಡರು ಆ ಕಡೆಯ ಭತ್ತವನ್ನು ಮನೆಯ ಊಟಕ್ಕೂ ತೆಗೆಯುತ್ತಿರಲಿಲ್ಲ.

ಆ ವರ್ಷ ಬೇರಿಗೆ, ಬೆಲ್ಲಕ್ಕೆ ಕೈಯಲ್ಲಿದ್ದುದೆಲ್ಲ ಹಾಕಿ ಅಣ್ಣಯ್ಯ ಹೆಚ್ಚು ಗುಡಾಣ ತುಂಬಿದ್ದ. ಅವು ಕೆಟ್ಟರೆ ಔಷಧಶಾಲೆಯ ಬಾಗಿಲು ಹಾಕಬೇಕಾಗಿತ್ತು. ಇದನ್ನು ನಾನು ಅವನಿಗೆ ಅನೇಕ ಸಲ ಹೇಳಿದೆ. "ನೀನು ಇಷ್ಟು ಸಲ ಹೇಳಿದರೆ ಗುಡಾಣಕ್ಕೂ ಕೇಳಿಸುತ್ತೆ ಕಣೋ," ಎಂದ.

ಯುದ್ಧಕ್ಕೆಂದು ಸರ್ಕಾರಕ್ಕೆ ಕೊಡಲೇಬೇಕಾಗಿದ್ದ ಲೆವಿ ಭತ್ತ ಅಳೆಯಲು ಕಂದಾಯದ ಶೇಕ್ದಾರರು ಕಟ್ಟಾಯಕ್ಕೆ ಬಂದದ್ದು ಗುಡಾಣಗಳು ಇನ್ನೂ ಅರ್ಧ ಹಾದಿಯಲ್ಲಿದ್ದಾಗ. ಗೌಡರು ರಾಶಿಯೊಳಗೆ ಮೂಟೆ ಬಚ್ಚಿಟ್ಟಿದ್ದಾರೆಂದು ಯಾರೋ ಕಿವಿಯೂದಿದ್ದರಂತೆ. ಶೇಕ್ದಾರರ ಆಳು ಚೂಪು ತುದಿಯ ಕಬ್ಬಿಣದ ಸಲಾಕೆಯಿಂದ ರಾಶಿಯನ್ನು ತಿವಿಯುತ್ತ ಬಂದ. ಒಂದು ಕಡೆ ಠಣ್ಣೆಂದಿತು. ಅವನು ಹುರುಪಿನಿಂದ ಇನ್ನೊಮ್ಮೆ ತಿವಿದ. ಭತ್ತದ ಸಂದಿನಿಂದ ಕಂದು ನೀರು ಇಳಿಯಿತು, ಕೊಟ್ಟಿಗೆಯೆಲ್ಲ ವಾಸನೆ. ಮುಂದೆ ನಡೆದದ್ದನ್ನು ಗೌಡರೇ ನನಗೆ ಹೇಳಿದರು.

"ಏನ್ರೀ ಗೌಡ್ರೇ, ಬತ್ತದೊಳಗೆ ಹೆಂಡದಂಗಡಿ ಇಟ್ಟಿದೀರಾ?" ಎಂದರಂತೆ ಶೇಕ್ದಾರರು.

"ಹೆಂಡ ಅಲ್ಲ ಸಾ, ಔಸ್ದಿ. ಬಾಣ್ತೀರು ಕುಡಿಯಾದು."

"ಬಾಣಂತೀನ ತೋರ್ಸಿ ಮತ್ತೆ."

"ನಮ್ಮನೇಲಿ ಈಗ ಯಾರೂ ಎತ್ತಿಲ್ಲ ಸಾ."

"ಅಂದ್ರೆ ಕುಡಿಯೋರು ನೀವೇ ಅಂತಾಯ್ತು."

ಗೌಡರು ಇದನ್ನು ಹೇಳಿ ನಕ್ಕರು. ನಾನೂ ನಕ್ಕೆ, ಆಮೇಲೆ ಅಂಗಡಿಗೆ ಬಂದು ಹಾಕಿದ್ದ ಬೀಗವನ್ನೇ ಮೂರು ಸಲ ಜಗ್ಗಿ ನೋಡಿದೆ.

ಶೇಕ್ದಾರರು ಹೇಳಿಕಳಿಸಿದ್ದರಿಂದ ಚನ್ನರಾಯಪಟ್ಟಣದಲ್ಲಿ ಕ್ಯಾಂಪು ಮಾಡಿದ್ದ ಅಬಕಾರಿ ಇನ್ಸ್‌ಪೆಕ್ಟರು ಬಂದರು. ನಾನೂ ಅಣ್ಣಯ್ಯನೂ ಅವರಿಗಿಂತ ಮೊದಲೇ ಹೋಗಿ ಕೊಟ್ಟಿಗೆಯ ಬಾಗಿಲಲ್ಲಿ ನಿಂತಿದ್ದೆವು. ಬಂದವರು ಸಣಕಲು ಮೈಯವರು, ಮೆದು ಮಾತಿನವರು. ಗೌಡರು ಕೊಟ್ಟ ಎಳನೀರನ್ನೂ ಮುಟ್ಟಲಿಲ್ಲ. ಲಂಚ ಕೇಳುವ ಮನುಷ್ಯನಾಗಿದ್ದರೆ ನನ್ನ ಚಿಂತೆ ಅರ್ಧಕ್ಕರ್ಧ ಇಳಿಯುತ್ತಿತ್ತು. ಪ್ರಾಮಾಣಿಕ ಎಂದು ಗೊತ್ತಾದ ಕೂಡಲೇ ಅದು ಇಮ್ಮಡಿಯಾಯಿತು.

"ಇದಕ್ಕೆ ಸಾರಾಯಿ ಎಷ್ಟು ಬೆರೆಸ್ತೀರಿ, ಪಂಡಿತರೇ?"

"ಬೆರೆಸೋದಿಲ್ಲ," ಎಂದ ಅಣ್ಣಯ್ಯ.

"ಬೆರೆಸದೆ ಈ ವಾಸನೆ ಎಲ್ಲಿಂದ ಬಂತು?"

"ಒಳಗೇ ಹುಟ್ಟುತ್ತೆ. ಹಿಟ್ಟು ಉಬ್ಬಿದ ಹಾಗೆ."

"ಹಾಗಾದ್ರೆ ತಯಾರಿಸ್ತೀರಿ ಅಂತಾಯ್ತು. ಬೆರೆಸೋರಿಗೆ ಒಂದು ಲೈಸೆನ್ಸು, ತಯಾರಿಸೋರಿಗೆ ಬೇರೆ ಲೈಸೆನ್ಸು. ನಿಮ್ಮ ಹತ್ರ ಯಾವುದಿದೆ?"

"ನಮ್ಮ ಹತ್ರ ಗ್ರಂಥ ಇದೆ," ಎಂದ ಅಣ್ಣಯ್ಯ. ನಾನು ಅವನ ಪಂಚೆಯ ಚುಂಗು ಹಿಡಿದು ಎಳೆದೆ.

ಇನ್ಸ್‌ಪೆಕ್ಟರು ಸಿಟ್ಟಾಗಲಿಲ್ಲ. ಹೆಂಡ ಇಳಿಸುವವರ ಲೈಸೆನ್ಸಿಗೆ ಅರ್ಜಿ ಹಾಕಬಹುದಲ್ಲ ಎಂದರು. ಕೊರಳಲ್ಲಿ ಲಿಂಗ ಕಟ್ಟಿದ, ಮದುವೆಮನೆಯಲ್ಲಿ ಎಲೆಯಡಿಕೆಯನ್ನೂ ಮುಟ್ಟದ ಅಣ್ಣಯ್ಯ ತನ್ನ ಬಾಗಿಲಿಗೆ ಹೆಂಡದ ಲೈಸೆನ್ಸಿನ ಬೋರ್ಡು ಹಾಕಿಕೊಂಡು, ಅದರ ಕೆಳಗೆ ಬಾಣಂತಿಯರ ತಾಯಂದಿರನ್ನು ಕೂರಿಸಬೇಕು. ಆಗ ನನಗೆ ಎಲ್ಲಿಂದಲೋ ಧೈರ್ಯ ಬಂತು.

"ಸ್ವಾಮಿ, ನಮ್ಮಂಗಡೀಲೇ ಸೀಮೆಯಿಂದ ಬಂದ ಟಾನಿಕ್ಕು ಮಾರ್ತೀನಿ. ಅದರಲ್ಲಿ ಸಾರಾಯಿ ಇದೆ ಅಂತ ಬಾಟ್ಲಿ ಮೇಲೇ ಅಚ್ಚು ಹಾಕಿದಾರೆ. ಅದನ್ನ ಯಾರೂ ಕೇಳೋದಿಲ್ಲವಲ್ಲ."

"ಅಚ್ಚು ಹಾಕಿದಾರಲ್ಲ, ಅಷ್ಟೇ ಸಾಕು. ಸುಂಕವನ್ನೂ ಕಟ್ಟಿ ತಂದಿದಾರೆ. ನೀವು ಕಟ್ಟಿದೀರಾ?"

"ಆಗಲಿ ಸ್ವಾಮಿ," ಎಂದೆ. ಏನು ಆಗಲಿ ಎಂದು ನನಗೇ ತಿಳಿಯದು.

ಆಮೇಲೆ ಅವರು ಗುಡಾಣಗಳ ಬಾಯಿ ತೆಗೆಯಿರಿ ಎಂದರು. ಅಣ್ಣಯ್ಯ ಅಡ್ಡ ನಿಂತ. ಒಡೆದ ಗುಡಾಣದಲ್ಲಿ ಬೇಕಾದಷ್ಟು ಉಳಿದಿದೆ, ಅದರಲ್ಲೇ ತೆಗೆದುಕೊಳ್ಳಿ, ಮಿಕ್ಕವಕ್ಕೆ ಗಾಳಿ ಹೊಕ್ಕರೆ ಹುಳಿ ತಿರುಗುತ್ತವೆ ಎಂದ. ಒಂದೊಂದರಲ್ಲೂ ಏನಿದೆ ಎಂದು ನೋಡದೆ ಹೇಗೆ ಬರೆಯಲಿ ಎಂದರು ಅವರು. ಅದೂ ನ್ಯಾಯವೇ. ಮಣ್ಣು ಕೆತ್ತಿ, ಬಟ್ಟೆ ಬಿಚ್ಚಿ, ಎಲ್ಲದರಿಂದಲೂ ಒಂದೊಂದು ಸೀಸೆ ತುಂಬಿಕೊಂಡರು. ಅಣ್ಣಯ್ಯ ಆಗಲೇ ಹೊಸ ಜೇಡಿಮಣ್ಣು ಕಲಸಿ ಉಂಡೆ ಹಿಡಿದು ನಿಂತಿದ್ದ.

"ಮಣ್ಣು ಬೇಡಿ," ಎಂದರು ಇನ್ಸ್‌ಪೆಕ್ಟರು.

"ಮಣ್ಣಿಲ್ಲದೆ ಬಾಯಿ ಮುಚ್ಚೋದು ಹ್ಯಾಗೆ?"

"ಬಟ್ಟೆ ಕಟ್ಟಿ ಹುರಿ ಸುತ್ತಿ. ಗಂಟಿನ ಮೇಲೆ ಅರಗಿನ ಮುದ್ರೆ ಹಾಕ್ತೀವಿ. ಹಸಿಮಣ್ಣಿನ ಮೇಲೆ ಅರಗು ಹಿಡಿಯಲ್ಲ."

"ಬಟ್ಟೇಲಿ ಗಾಳಿ ಆಡುತ್ತಲ್ಲ ಸ್ವಾಮಿ."

"ಗಾಳಿ ತಡೆಯೋದಕ್ಕಲ್ಲ ಮುದ್ರೆ. ನಿಮ್ಮನ್ನ ತಡೆಯೋದಕ್ಕೆ."

ಅಣ್ಣಯ್ಯ ಕೈಲಿದ್ದ ಮಣ್ಣಿನ ಉಂಡೆಯನ್ನು ಕೆಳಗಿಡಲಿಲ್ಲ. ಅರಗು ಕಾಯಿಸಿ, ಒಂದೊಂದು ಗಂಟಿನ ಮೇಲೂ ಬೊಟ್ಟಿಡುವವರೆಗೆ ಹಿಡಿದುಕೊಂಡೇ ನಿಂತಿದ್ದ. ರಾಶಿಯನ್ನು ಯಾರೂ ಮುಟ್ಟಬಾರದೆಂದು ಗೌಡರಿಗೆ ಬರೆದುಕೊಟ್ಟು, ಯಾರ ಕೊಟ್ಟಿಗೆಯೋ ಅವರದೇ ಮೊದಲ ಹೊಣೆ ಎಂದು ಅವರ ಹೆಸರನ್ನೂ ಕೇಸಿನಲ್ಲಿ ಸೇರಿಸಿಕೊಂಡು, ಇನ್ಸ್‌ಪೆಕ್ಟರು ಸೈಕಲ್ ಹತ್ತಿದರು.

ಮಾರನೆಯ ವಾರ ಶೇಕ್ದಾರರ ಕಡೆಯಿಂದ ಇನ್ನೊಂದು ಕಾಗದ ಬಂತು: ಭತ್ತವನ್ನು ಕೂಡಲೇ ಅಳೆದು ಹಾಸನಕ್ಕೆ ಸಾಗಿಸತಕ್ಕದ್ದು, ತಪ್ಪಿದರೆ ದಾಸ್ತಾನು ಮುಚ್ಚಿಟ್ಟ ಅಪರಾಧ. ಗೌಡರು ಎರಡು ಕಾಗದವನ್ನೂ ಹಿಡಿದುಕೊಂಡು ನಮ್ಮ ಅಂಗಡಿಗೆ ಬಂದರು.

"ಏನ್ ಸಣ್ಣ ಪಂಡಿತ್ರೇ, ಒಬ್ರು ಮುಟ್ಟು ಅಂತಾರೆ, ಒಬ್ರು ಮುಟ್ಟಬ್ಯಾಡ ಅಂತಾರೆ. ನಾನು ಕೊಟ್ಟಿಗೇಲಿ ಮಡಗಿರಾದು ಬತ್ತಾನೋ, ಮೈನೆರೆದ ಎಣ್ಣುಮಗೀನೋ ನಂಗೇ ಗೊತ್ತಾಯ್ತಾ ಇಲ್ಲ."

"ನಾನು ನೋಡ್ಕೋತೀನಿ ಗೌಡ್ರೇ," ಎಂದೆ.

"ನೀವಾ?" ಎಂದು ನನ್ನ ಮುಖ ನೋಡಿದರು. "ಪಂಡಿತ್ರು ಇಲ್ವಾ?"

ಅಣ್ಣಯ್ಯನಿಗೆ ಕಚೇರಿ ಹತ್ತಿ ಅಭ್ಯಾಸವಿಲ್ಲ. ನಾನೇ ಹೊರಟೆ. ಮೊದಲು ಅರಕಲಗೂಡು, ಅಲ್ಲಿ ನಮ್ಮ ಬೀಗರ ಕಡೆಯ ವಕೀಲರೊಬ್ಬರಿದ್ದರು. ಅವರು ಜಗಲಿಯ ಮೇಲೆ ಕೂತು ನಸ್ಯ ಏರಿಸುತ್ತ ನನ್ನ ಕಥೆಯನ್ನೆಲ್ಲ ಕೇಳಿ, "ನೀವು ಬೆವರೋದು ನೋಡಿದ್ರೆ ನಿಜವಾಗ್ಲೂ ಹೆಂಡ ಕಾಸಿದೀರೇನೋ ಅಂತ ನಂಗೇ ಅನುಮಾನ ಬರುತ್ತೆ," ಎಂದರು.

"ಇಲ್ಲ ಸ್ವಾಮಿ. ಅದು ತಾನಾಗಿ ಹುಟ್ಟುತ್ತೆ."

"ಅದೇ ತೊಂದ್ರೆ. ಕಾನೂನಿಗೆ ಗೊತ್ತಿರೋದು ಎರಡು: ಬಟ್ಟಿ ಇಳಿಸಿದ್ದು, ಬೆರೆಸಿದ್ದು. ತಾನಾಗಿ ಹುಟ್ಟಿದ್ದು ಅನ್ನೋ ಮಾತು ಅದರಲ್ಲಿ ಎಲ್ಲೂ ಇಲ್ಲ. ಇಲ್ಲದ್ದಕ್ಕೆ ಪರವಾನಗಿ ಯಾರು ಕೊಡ್ತಾರೆ? ಇಲ್ಲದ್ದನ್ನ ತಪ್ಪು ಅಂತ ತೀರ್ಪು ಕೊಡೋಕೂ ಅವರಿಗೆ ಧೈರ್ಯ ಇರಲ್ಲ. ಸುಮ್ನೆ ಇಟ್ಕೊಂಡಿರ್ತಾರೆ."

"ಎಷ್ಟು ದಿನ?"

"ನೀವು ಸುಸ್ತಾಗೋವರೆಗೆ," ಎಂದು ಸೀನಿದರು.

ಅಲ್ಲಿಂದ ಹಾಸನಕ್ಕೆ ಹೋದೆ. ತಾಲ್ಲೂಕು ಕಚೇರಿಯ ಹೊರಗಿನ ಬೆಂಚಿನಲ್ಲಿ ಕೂತು ಕೂತು ಕೊನೆಗೆ ಅಮಲ್ದಾರರ ಮುಂದೆ ನಿಂತೆ. ಅವರು ಬುದ್ಧಿವಂತರು. ಎರಡು ಇಲಾಖೆಯ ಕಾಗದವನ್ನೂ ಓದಿ ಕ್ಷಣದಲ್ಲಿ ದಾರಿ ಕಂಡುಕೊಂಡರು: ಸುತ್ತಲಿನ ಭತ್ತ ತೆಗೆಯುವುದು, ಗುಡಾಣಗಳು ಇದ್ದಲ್ಲೇ ನಿಲ್ಲುವುದು. ಭತ್ತವೂ ಬಂದಂತಾಯಿತು, ಮುದ್ರೆಯೂ ಕೆಡಲಿಲ್ಲ. ಭತ್ತ ಹೋದ ಮೇಲೆ ಹೊಟ್ಟನ್ನಾದರೂ ಸುತ್ತ ಸುರಿಯಲು ಅಪ್ಪಣೆಯಾಗಬೇಕು ಎಂದು ಕೇಳಿದೆ. ಹೊಟ್ಟು ಸುರಿದರೆ ಮುದ್ರೆ ಮುಚ್ಚಿಹೋಗುತ್ತದೆ, ಮುದ್ರೆ ಯಾವಾಗಲೂ ಕಣ್ಣಿಗೆ ಕಾಣುತ್ತಿರಬೇಕು ಎಂದರು. ಅವರ ಮೇಜಿನ ಮೇಲೊಂದು ಶೀತದ ಗುಳಿಗೆಯ ಸೀಸೆ ಇತ್ತು. ಶಾಲು ಹೊದ್ದುಕೊಂಡಿದ್ದರು. ಗುಡಾಣಕ್ಕೂ ಚಳಿಯಾಗುತ್ತದೆ ಸ್ವಾಮಿ ಎನ್ನಬೇಕೆಂದು ನಾಲಿಗೆ ತುದಿಗೆ ಬಂತು. "ಉಪಕಾರವಾಯ್ತು," ಎಂದು ಹೇಳಿ ಬಂದೆ.

ಗೌಡರ ಭತ್ತ ಗಾಡಿಯ ಮೇಲೆ ಗಾಡಿ ಹೋಯಿತು. ಅರಿಷ್ಟ ನೆಂದ ಭತ್ತವನ್ನೂ ಬಿಡಲಿಲ್ಲ, ಅದನ್ನೂ ಅಳೆದುಕೊಂಡರು. ಬರಿದಾದ ಕೊಟ್ಟಿಗೆಯ ನಡುವೆ ಗುಡಾಣಗಳು ಬಟ್ಟೆಯ ಕುಲಾವಿ ಕಟ್ಟಿಕೊಂಡು ನಿಂತಿದ್ದವು. ಅಣ್ಣಯ್ಯ ವಾರಕ್ಕೊಮ್ಮೆ ಹೋಗಿ ದೂರದಿಂದಲೇ ಮೂಸಿ ನೋಡಿ ಬರುತ್ತಿದ್ದ. ಹೇಗಿದೆ ಎಂದು ನಾನು ಕೇಳುತ್ತಿರಲಿಲ್ಲ, ನನ್ನಂಥವನು ಕೇಳದೆ ಇದ್ದನೆಂದರೆ ಉತ್ತರ ಗೊತ್ತಿತ್ತೆಂದೇ ಅರ್ಥ.

ಪರೀಕ್ಷೆಯ ಫಲ ಬೇಗ ಬಂದರೆ ಉಳಿದದ್ದನ್ನಾದರೂ ಉಳಿಸಬಹುದೆಂದು ಚನ್ನರಾಯಪಟ್ಟಣಕ್ಕೆ ಹೋದೆ. ಇನ್ಸ್‌ಪೆಕ್ಟರು ಕೂರಲು ಕುರ್ಚಿ ಹಾಕಿಸಿದರು. ಅವರ ಹಿಂದಿನ ಕಿಟಕಿಯ ಕಟ್ಟೆಯ ಮೇಲೆ ಬಿಸಿಲಿಗೆ ಮೈಯೊಡ್ಡಿಕೊಂಡು ನಮ್ಮ ಸೀಸೆಗಳು ಸಾಲಾಗಿ ನಿಂತಿದ್ದವು. ಯುದ್ಧದಿಂದಾಗಿ ಬಿರಡೆ ಸಿಗುತ್ತಿರಲಿಲ್ಲ, ಕಾಗದ ಸುತ್ತಿ ತುರುಕಿದ್ದರು.

"ಇನ್ನೂ ಬೆಂಗಳೂರಿಗೆ ಹೋಗಿಲ್ಲವೇ ಸ್ವಾಮಿ?"

"ಸೀಸೆ ಕಳಿಸೋದಕ್ಕೆ ಮರದ ಪೆಟ್ಟಿಗೆ ಬರಬೇಕು. ಹಾಗೇ ಕಳಿಸಿದ್ರೆ ಒಡೆದುಹೋದೀತು. ಆಮೇಲೆ ನಿಮಗೇ ನಷ್ಟ ಅಲ್ಲವೇ?"

ಪೆಟ್ಟಿಗೆ ನಾನೇ ಮಾಡಿಸಿಕೊಡುತ್ತೇನೆ ಎಂದೆ. ಆಪಾದಿತರ ಪೆಟ್ಟಿಗೆಯಲ್ಲಿ ಮಾಲು ಕಳಿಸಲು ಬರುವುದಿಲ್ಲ ಎಂದರು. ಅವರ ದನಿಯಲ್ಲಿ ನಿಜವಾದ ಮರುಕವಿತ್ತು. ಆ ಮರುಕವನ್ನು ನೆನೆಸಿಕೊಂಡರೆ ಇವತ್ತಿಗೂ ನನ್ನ ಕಿವಿ ಬಿಸಿಯಾಗುತ್ತದೆ. ಕೆಟ್ಟವನಾಗಿದ್ದರೆ ಶಾಪ ಹಾಕಿ ಹಗುರಾಗಬಹುದಿತ್ತು.

ಫಲ ಬಂದದ್ದು ಶಿವರಾತ್ರಿ ಕಳೆದ ಮೇಲೆ. ನಮ್ಮನ್ನು ಕಟ್ಟಾಯಕ್ಕೆ ಬರಹೇಳಿದರು. ಇನ್ಸ್‌ಪೆಕ್ಟರು ಗೌಡರ ಜಗಲಿಯಲ್ಲಿ ಕೂತು ಕಾಗದ ಬಿಚ್ಚಿದರು. ಮುಖ ಅರಳಿತ್ತು. ಅಂದು ಎಳನೀರನ್ನೂ ಕುಡಿದರು.

"ಒಳ್ಳೇ ಸುದ್ದಿ ಪಂಡಿತರೇ. ಸಾರಾಯಿ ಅಂಶ ಇಲ್ಲ ಅಂತ ಬರೆದಿದಾರೆ. ಹೆಂಡ ಅಲ್ಲ, ಔಷಧಾನೇ. ಕೇಸು ಬಿದ್ದುಹೋಯ್ತು."

ಅಣ್ಣಯ್ಯ ನೆಟ್ಟಗೆ ಕೊಟ್ಟಿಗೆಗೆ ಹೋದ. ಮುದ್ರೆ ಒಡೆದು ಮೊದಲ ಗುಡಾಣದ ಬಟ್ಟೆ ಬಿಚ್ಚಿದರು. ನಾವು ನಿಂತಲ್ಲಿಗೇ ವಾಸನೆ ಮೂಗಿಗೆ ಹೊಡೆಯಿತು. ಅಣ್ಣಯ್ಯ ಸೌಟಿನಲ್ಲಿ ಎತ್ತಿ ಅಂಗೈಗೆ ಸುರಿದುಕೊಂಡು ನೆಕ್ಕಿದ. ಇನ್ನೊಂದು ಗುಡಾಣ, ಮತ್ತೊಂದು. ಎಲ್ಲವೂ ಹುಳಿ. ಗಾಳಿಯಾಡಿದ ಅರಿಷ್ಟದಲ್ಲಿ ಹುಟ್ಟಿದ್ದ ಸಾರಾಯಿಯೆಲ್ಲ ಹುಳಿಯಾಗಿ ತಿರುಗಿತ್ತು. ಸೀಸೆಗಳಲ್ಲೂ ಅದೇ ಆಗಿತ್ತು. ಔಷಧವಾಗಿದ್ದಷ್ಟು ದಿನ ಅದು ಕಾನೂನಿಗೆ ಹೆಂಡ. ಕೆಟ್ಟು ಹುಳಿಯಾದ ಮೇಲೆ ಔಷಧ. ಅಂದರೆ ನಾವು ನಿರಪರಾಧಿಗಳಾದದ್ದು ಅವರ ಕಿಟಕಿಯ ಕಟ್ಟೆಯ ಬಿಸಿಲಿನಿಂದ.

"ಇದು ಕೆಟ್ಟಿದೆ ಅಂತ ಒಂದು ಸಾಲು ಬರೆದುಕೊಡಿ ಸ್ವಾಮಿ," ಎಂದ ಅಣ್ಣಯ್ಯ.

"ನಾನು ಹ್ಯಾಗೆ ಬರೀಲಿ? ಸಾರಾಯಿ ಇದೆಯೋ ಇಲ್ಲವೋ ನೋಡೋದಷ್ಟೇ ನಮ್ಮ ಕೆಲಸ. ಔಷಧ ಚೆನ್ನಾಗಿದೆಯೋ ಇಲ್ಲವೋ ನೋಡೋದು ನಮ್ಮದಲ್ಲ."

"ಮತ್ತೆ ಯಾರದು?"

ಇನ್ಸ್‌ಪೆಕ್ಟರು ನಿಜವಾಗಿಯೂ ಯೋಚನೆ ಮಾಡಿದರು. "ಯಾರದೂ ಇರಲಾರದು," ಎಂದರು.

ಅದು ಸತ್ಯವಾಗಿತ್ತು. ಸೀಮೆಸುಣ್ಣ ಬೆರೆಸಿದ ಕ್ವಿನೈನು, ಬಣ್ಣದ ನೀರಿನ ಕೆಮ್ಮಿನ ಔಷಧಿ ಎಲ್ಲ ಸಂತೆಯಲ್ಲಿ ರಾಜಾರೋಷವಾಗಿ ಮಾರಾಟವಾಗುತ್ತಿದ್ದ ಕಾಲ ಅದು. ಅವನ್ನು ಯಾರೂ ಮೂಸುತ್ತಿರಲಿಲ್ಲ. ನಮ್ಮನ್ನು ಮಾತ್ರ ಮೂಸಿದರು, ಅದೂ ಬೇರೆ ಯಾವುದೋ ವಾಸನೆಗಾಗಿ.

ಅವರು ಒಂದು ಕಾಗದ ಮುಂದೆ ಚಾಚಿದರು. ವಶಪಡಿಸಿಕೊಂಡ ಮಾಲನ್ನೆಲ್ಲ ಸುಸ್ಥಿತಿಯಲ್ಲಿ ಹಿಂದಕ್ಕೆ ಪಡೆದಿದ್ದೇವೆ ಎಂದು ಅದರಲ್ಲಿತ್ತು. ಅಣ್ಣಯ್ಯ ರುಜು ಹಾಕಬೇಕು. ಅವನು ಓದಿ ಹಿಂದಕ್ಕೆ ಕೊಟ್ಟ. ಸುಸ್ಥಿತಿ ಎಂಬ ಮಾತು ತೆಗೆಯಿರಿ ಎಂದ.

"ಅಚ್ಚಾದ ಕಾಗದ ಪಂಡಿತರೇ, ಹೊಡೆದುಹಾಕೋಕೆ ಬರಲ್ಲ. ನೀವು ರುಜು ಹಾಕದಿದ್ರೆ ಮಾಲು ಹಿಂದಕ್ಕೆ ಹೋಗಿಲ್ಲ ಅಂತ ಆಗುತ್ತೆ. ಹೋಗಿಲ್ಲ ಅಂದ್ರೆ ಕೇಸು ಮುಗಿದಿಲ್ಲ. ಮುಗಿದಿಲ್ಲ ಅಂದ್ರೆ ಗೌಡರ ಹೆಸರು ಹಾಗೇ ಇರುತ್ತೆ."

ಗೌಡರು ಕಂಬಕ್ಕೊರಗಿ ನಿಂತಿದ್ದರು. "ನನ್ನೆಸ್ರು ಇದ್ರೆ ಇರ್ಲಿ ಬುಡಿ ಪಂಡಿತ್ರೇ," ಎಂದರು. "ನಿಮ್ಗೆ ಒಪ್ಪಾಕಿಲ್ಲ ಅಂದ್ರೆ ರುಜು ಆಕ್ಬ್ಯಾಡಿ. ನನ್ನೇನ್ ಕಟ್ಕಂಡ್ ಓದಾರಾ?"

ಕಟ್ಟಿಕೊಂಡು ಹೋಗುತ್ತಿದ್ದರು. ಅದು ಅಣ್ಣಯ್ಯನಿಗೂ ಗೊತ್ತಿತ್ತು. ಅಷ್ಟು ವರ್ಷ ಅವನು ಯಾವ ಸೀಸೆಯ ಚೀಟಿಯ ಮೇಲೂ ಒಳಗಿಲ್ಲದ್ದನ್ನು ಬರೆದವನಲ್ಲ. ಒಂದು ಬೇರು ಸಿಗದ ವರ್ಷ ಅದನ್ನೇ ಚೀಟಿಯಲ್ಲಿ ಬರೆದು ಗಿರಾಕಿಗಳನ್ನು ಕಳೆದುಕೊಂಡಿದ್ದ. ಆ ಮನುಷ್ಯ ಕೊಟ್ಟಿಗೆಯ ಹೊಸ್ತಿಲ ಮೇಲೆ ಕೂತು, ಹುಳಿ ಮೆತ್ತಿದ ಅಂಗೈಯನ್ನು ಪಂಚೆಗೆ ಒರೆಸಿಕೊಂಡು, ಸುಸ್ಥಿತಿಯ ಕೆಳಗೆ ರುಜು ಹಾಕಿದ.

ನಾನು ಬದಿಯಲ್ಲಿ ನಿಂತು ಮಸಿಕುಡಿಕೆ ಹಿಡಿದಿದ್ದೆ.

ರುಜು ಒಣಗುವ ಮೊದಲೇ ಅವನು ಎದ್ದು ಗೌಡರ ಆಳುಗಳನ್ನು ಕರೆದ. ಗುಡಾಣಗಳನ್ನು ಒಂದೊಂದಾಗಿ ಹೊರಗೆ ತಂದು ತಿಪ್ಪೆಗೆ ಬಗ್ಗಿಸಿದರು. ಸೈಕಲ್ಲಿಗೆ ಕಾಗದದ ಚೀಲ ಕಟ್ಟುತ್ತಿದ್ದ ಇನ್ಸ್‌ಪೆಕ್ಟರು ಗಾಬರಿಯಿಂದ ಬಂದರು.

"ಅಲ್ಲಾ ಪಂಡಿತರೇ, ಬಿಡುಗಡೆಯಾದ ಮಾಲು ಯಾಕೆ ಚೆಲ್ತೀರಿ? ಧಾರಾಳವಾಗಿ ಮಾರಬಹುದು."

ಆಗ ನನ್ನ ಬಾಯಿಗೆ ಮಾತು ಬಂತು. "ಹುಳಿಯಾಗಿದೆ ಸ್ವಾಮಿ. ಬಾಣಂತಿಗೆ ಕೊಟ್ಟರೆ ಹೊಟ್ಟೆ ಹಿಡ್ಕೊಂಡು ಹೊರಳಾಡ್ತಾಳೆ. ನಿಮ್ಮ ಮುದ್ರೆಯಿಂದ ಕೆಟ್ಟಿದೆ."

"ಸುಸ್ಥಿತಿ ಅಂತ ನೀವೇ ಈಗ ಬರೆದುಕೊಟ್ಟಿರಲ್ಲ," ಎಂದರು ಅವರು. ವ್ಯಂಗ್ಯವಿರಲಿಲ್ಲ. ನೆನಪು ಮಾಡಿಕೊಟ್ಟರು, ಅಷ್ಟೇ.

ಹೊಳೆನರಸೀಪುರಕ್ಕೆ ಬರುವ ದಾರಿಯುದ್ದಕ್ಕೂ ನಾನು ಅವರಿಗೆ ಕೊಡಬೇಕಾಗಿದ್ದ ಉತ್ತರಗಳನ್ನು ಒಂದಾದ ಮೇಲೊಂದು ಕಟ್ಟಿದೆ. ಬಹಳ ಚೆನ್ನಾಗಿದ್ದವು. ಅಣ್ಣಯ್ಯ ಗಾಡಿಯ ಹಿಂದುಗಡೆ ಕಾಲು ಇಳಿಬಿಟ್ಟು ಕೂತಿದ್ದ. ಊರು ಹತ್ತಿರವಾದಾಗ, "ನೀನು ಅಂಗಡಿ ಮುಚ್ಚಬೇಡ. ಬೇರೆಯವರ ಮಾಲು ತರಿಸಿ ಮಾರು," ಎಂದ.

"ಬರೋ ಸುಗ್ಗಿಗೆ ಮತ್ತೆ ಇಡೋಣ ಅಣ್ಣಯ್ಯ. ಈ ಸಲ ಅಪ್ಪಣೆ ತೊಗೊಂಡೇ ಇಡೋಣ. ನಾನು ಓಡಾಡ್ತೀನಿ."

"ಅಪ್ಪಣೆ ಸಿಕ್ಕರೂ ನನ್ನ ಕೈಲಿ ಆಗಲ್ಲ ಕಣೋ. ಇನ್ನು ಚೀಟಿ ಮೇಲೆ ಏನು ಬರೆದರೂ ಆ ಕಾಗದದ ರುಜುವೇ ಕಾಣುತ್ತೆ."

ಆಮೇಲೆ ಅವನು ಚೂರ್ಣ ಕುಟ್ಟಿಕೊಂಡಿದ್ದ, ಅರಿಷ್ಟಕ್ಕೆ ಒಲೆ ಹಚ್ಚಲಿಲ್ಲ. ಕಟ್ಟಾಯದ ಗೌಡರು ಇದನ್ನು ಕೇಳಿ ನನ್ನ ಹತ್ತಿರ ಒಂದು ತಿಂಗಳು ಮಾತು ಬಿಟ್ಟರು. ತಡೆಯಬೇಕಾಗಿದ್ದವನು ನಾನು ಎಂದು ಅವರ ಎಣಿಕೆ.

ಆ ಬೇಸಗೆಯಲ್ಲೇ ಅರಕಲಗೂಡಿನ ಕಡೆಯ ಹೆಂಗಸೊಬ್ಬಳು ಮಗಳ ಬಾಣಂತನಕ್ಕೆಂದು ಬಂದಳು. ಇಲ್ಲವೆಂದೆ. ಬಿಸಿಲಲ್ಲಿ ಬಂದವಳು, ನಂಬಲಿಲ್ಲ.

"ಯಾಕ್ ಸಾಮಿ ಇಲ್ಲ? ಪಂಡಿತ್ರಿಗೆ ಕೈಲಾಗಕಿಲ್ವಾ?"

"ಆಗುತ್ತಮ್ಮ. ಮಾಡೋದು ಬಿಟ್ಟಿದಾರೆ."

"ಮಾಡಕ್ ಬರ್‍ತದೆ, ಮಾಡಾಕಿಲ್ಲ ಅಂದ್ರೆ ಎಂಗೆ? ನಮ್ ಮಗ್ಳು ಏನ್ ಕುಡೀಬೇಕು?"

ಲೆವಿ, ಲೈಸೆನ್ಸು, ಅರಗು, ಕಿಟಕಿಯ ಕಟ್ಟೆ, ಇಷ್ಟನ್ನೂ ಆಕೆಗೆ ಹೇಗೆ ಹೇಳಲಿ? ಹೇಳಲು ಶುರು ಮಾಡಿದೆ. ಅರ್ಧಕ್ಕೆ ಬರುವ ಹೊತ್ತಿಗೆ ನನ್ನ ದನಿ ಎಷ್ಟು ಏರಿತ್ತೆಂದರೆ ಎದುರಿನ ಜವಳಿ ಅಂಗಡಿಯವರು ಎದ್ದು ಬಂದು ನೋಡಿದರು. ಪಾಪದ ಹೆಂಗಸು ಸೆರಗು ಹೊದ್ದುಕೊಂಡು ಮೆಟ್ಟಿಲಿಳಿದಳು. ತಾನೇನೋ ಕೇಳಬಾರದ್ದನ್ನು ಕೇಳಿದೆ ಎಂದುಕೊಂಡು ರಸ್ತೆಯಿಂದಲೇ ಕೈ ಮುಗಿದು, "ಆಗ್ಲಿ ಸಾಮಿ," ಎಂದು ಹೊರಟುಹೋದಳು.